ರಕ್ತದ ಟ್ಯೂಬಿಂದ ಸರ್ವೈವಲ್ ಕರ್ವ್ ತನಕ: ಶ್ವಾಸಕೋಶದ ಕ್ಯಾನ್ಸರಿಗೆ ಮೈಕ್ರೋಆರ್‌ಎನ್‌ಎ ಬಯೋಮಾರ್ಕರ್ ಸ್ಟಡಿ ಮಾಡೋದು ಹೇಗೆ

ಬಯೋಮಾರ್ಕರ್ ಅಂದ್ರೆ ಕಾಯಿಲೆಯ ಸುಳಿವು ಕೊಡೋ, ಅಳೆಯೋಕಾಗೋ ಗುರುತು. ನಾನು ಈ ಕೆಲಸಕ್ಕೆ ಕೈ ಹಾಕಿದಾಗ ಮೊದಲನೇ ಬ್ಯಾಚಲ್ಲೇ ಒಂದು ಮೈಕ್ರೋಆರ್‌ಎನ್‌ಎ ಪೇಷೆಂಟ್‌ಗಳ ರಕ್ತದಲ್ಲಿ ಸಿಕ್ಕಾಪಟ್ಟೆ ಜಾಸ್ತಿ ಬಂತು, ಕಂಟ್ರೋಲ್‌ಗಳಲ್ಲಿ (ಹೋಲಿಕೆಗೆ ತಗೊಂಡ ಕ್ಯಾನ್ಸರ್ ಇಲ್ಲದವರಲ್ಲಿ) ಕಮ್ಮಿ, ಗ್ರಾಫ್ ನೋಡಿದ್ರೆ ಎರಡು ಗುಂಪೂ ಗೆರೆ ಎಳೆದ ಹಾಗೆ ಬೇರೆ ಬೇರೆ. ಎರಡು ವಾರ ಎಲ್ಲರೂ ಖುಷೀಲಿದ್ವಿ. ಆಮೇಲೆ ಫ್ರೀಜರಿಂದ ಟ್ಯೂಬ್ ತೆಗೆದು ಬೆಳಕಿಗೆ ಹಿಡಿದು ನೋಡಿದ್ರೆ ಪೇಷೆಂಟ್‌ಗಳ ಪ್ಲಾಸ್ಮಾ (ರಕ್ತಕಣ ತೆಗೆದ ಮೇಲೆ ಉಳಿಯೋ ದ್ರವ) ತಿಳಿ ಗುಲಾಬಿ, ಕಂಟ್ರೋಲ್‌ಗಳದ್ದು ಒಣಹುಲ್ಲಿನ ಬಣ್ಣ. ಪೇಷೆಂಟ್‌ಗಳ ರಕ್ತ ಬೆಳಿಗ್ಗೆ ವಾರ್ಡಲ್ಲಿ ತೆಗೆದು ಮಧ್ಯಾಹ್ನದ ತನಕ ಟ್ರೇನಲ್ಲೇ ಕೂತಿತ್ತು, ಕಂಟ್ರೋಲ್ ರಕ್ತ ಲ್ಯಾಬ್ ಪಕ್ಕದಲ್ಲೇ ತೆಗೆದು ಅರ್ಧ ಗಂಟೇಲಿ ಸ್ಪಿನ್ ಆಗಿತ್ತು, ಅಂದ್ರೆ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಿ ಆಗಿತ್ತು. ನಮ್ಮ ಗ್ರಾಫಲ್ಲಿ ಕಂಡಿದ್ದೆಲ್ಲ ಒಡೆದ ಕೆಂಪು ರಕ್ತಕಣದ ಸಿಗ್ನಲ್.

ಅದಕ್ಕೇ ಈ ಗೈಡ್‌ನಲ್ಲಿ ಮಷೀನಿಗಿಂತ ಟ್ಯೂಬ್ ಬಗ್ಗೆ ಜಾಸ್ತಿ ಬರೀತೀನಿ. ಥೀಸಿಸ್‌ಗೆ ಅಂತಲೋ ಮೊದಲನೇ ಪ್ರಾಜೆಕ್ಟ್ ಅಂತಲೋ ಈ ವಿಷಯ ಹಿಡಿದವರಿಗೆ ಇದು ಉಪಯೋಗ ಆಗ್ಬೇಕು. ಪೇಷೆಂಟ್ ಕಡೆಯವರು ಓದ್ತಾ ಇದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ಶ್ವಾಸಕೋಶದ ಕ್ಯಾನ್ಸರ್ ಖಚಿತ ಮಾಡೋದು ಇವತ್ತಿಗೂ ಸ್ಕ್ಯಾನ್ ಮತ್ತೆ ಬಯಾಪ್ಸಿಯಿಂದಲೇ, ಮೈಕ್ರೋಆರ್‌ಎನ್‌ಎ ಟೆಸ್ಟ್ ಒಂದನ್ನೇ ನಂಬ್ಕೊಂಡು ಯಾವ ನಿರ್ಧಾರಾನೂ ತಗೋಬೇಡಿ.

ಶುರು ಮಾಡೋ ಮುಂಚೆ ಇಷ್ಟು ಗೊತ್ತಿರ್ಲಿ

ಮೈಕ್ರೋಆರ್‌ಎನ್‌ಎ ಅಂದ್ರೆ ಸುಮಾರು 22 ನ್ಯೂಕ್ಲಿಯೋಟೈಡ್ ಉದ್ದದ ಚಿಕ್ಕ ಆರ್‌ಎನ್‌ಎ ತುಣುಕು. ಇದರಿಂದ ಪ್ರೋಟೀನ್ ತಯಾರಾಗಲ್ಲ, ಇದು ಮೆಸೆಂಜರ್ ಆರ್‌ಎನ್‌ಎಗೆ ಹೋಗಿ ಅಂಟ್ಕೊಂಡು ಆ ಜೀನಿನ ಪ್ರೋಟೀನ್ ತಯಾರಿ ತಗ್ಗಿಸತ್ತೆ. ಮೊದಲನೇದು, ಲಿನ್-4, 1993ರಲ್ಲಿ ಒಂದು ಪುಟ್ಟ ಹುಳದಲ್ಲಿ ಸಿಕ್ತು, ಅದರ ಹಿಂದಿದ್ದ ವಿಕ್ಟರ್ ಆಂಬ್ರೋಸ್ ಮತ್ತೆ ಗ್ಯಾರಿ ರುವ್‌ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು.

ಶ್ವಾಸಕೋಶದ ಕ್ಯಾನ್ಸರ್ ಜೊತೆ ನಂಟು ಗಟ್ಟಿ ಆಗಿದ್ದು 2004ರಲ್ಲಿ. ಜಪಾನಿನ ಒಂದು ತಂಡ ಆಪರೇಷನ್ ಆದ 143 ಪೇಷೆಂಟ್‌ಗಳ ಗೆಡ್ಡೆ ನೋಡಿ, ಲೆಟ್-7 ಅನ್ನೋ ಮೈಕ್ರೋಆರ್‌ಎನ್‌ಎ ಕಮ್ಮಿ ಇದ್ದವರು ಆಪರೇಷನ್ ಆದ್ಮೇಲೆ ಕಮ್ಮಿ ಕಾಲ ಬದುಕಿದ್ದಾರೆ ಅಂತ ತೋರಿಸ್ತು. ಯಾಕೆ ಅನ್ನೋದು ಮುಂದಿನ ವರ್ಷ ಗೊತ್ತಾಯ್ತು, ಲೆಟ್-7 ರಾಸ್ ಅನ್ನೋ ಕ್ಯಾನ್ಸರ್ ಜೀನನ್ನ ಅದುಮಿ ಇಡತ್ತೆ, ಅದೇ ಕಮ್ಮಿ ಆದ್ರೆ ರಾಸ್‌ಗೆ ಲಗಾಮಿಲ್ಲ. 2006ರಲ್ಲಿ ಅಡಿನೋಕಾರ್ಸಿನೋಮಾ ಅನ್ನೋ ಬಗೆಯ ಶ್ವಾಸಕೋಶ ಕ್ಯಾನ್ಸರಲ್ಲಿ ಮಿರ್-155 (ಮಿರ್ ಅಂದ್ರೆ ಮೈಕ್ರೋಆರ್‌ಎನ್‌ಎ, ಮುಂದಿನದು ಅದರ ನಂಬರ್) ಜಾಸ್ತಿ ಇರೋದೂ ಕೆಟ್ಟ ಸೂಚನೆ ಅಂತ ಬಂತು. ಮಿರ್-21 ಪಿಟೆನ್ ಥರದ ಟ್ಯೂಮರ್ ಸಪ್ರೆಸರ್‌ಗಳನ್ನ, ಅಂದ್ರೆ ಗೆಡ್ಡೆ ಬೆಳೆಯದ ಹಾಗೆ ತಡೆಯೋ ಜೀನ್‌ಗಳನ್ನ, ತಗ್ಗಿಸತ್ತೆ, ಮಿರ್-17-92 ಗುಂಪು ಸ್ಮಾಲ್ ಸೆಲ್ ಕ್ಯಾನ್ಸರಲ್ಲಿ ಏರತ್ತೆ, ಮಿರ್-34ಎ ಪಿ53 ಅನ್ನೋ ಇನ್ನೊಂದು ಟ್ಯೂಮರ್ ಸಪ್ರೆಸರ್ ಕೈಕೆಳಗೆ ಕೆಲಸ ಮಾಡತ್ತೆ, ಮಿರ್-200 ಕುಟುಂಬ ಕ್ಯಾನ್ಸರ್ ಕೋಶ ಹರಡೋದಕ್ಕೆ ತಡೆ ಹಾಕತ್ತೆ.

ರಕ್ತದಲ್ಲಿ ಇವು ಸಿಗತ್ವೆ ಅಂತ 2008ರಲ್ಲಿ ತೋರಿಸಿದ್ರು. ರಕ್ತದ ತುಂಬ ಆರ್‌ಎನ್‌ಎ ಕತ್ತರಿಸೋ ಕಿಣ್ವ ಇದ್ರೂ ಇವು ಉಳಿಯತ್ವೆ, ಯಾಕಂದ್ರೆ ಒಂದೋ ಆರ್ಗೊನಾಟ್ ಅನ್ನೋ ಪ್ರೋಟೀನ್ ಅಪ್ಪಿಕೊಂಡಿರತ್ತೆ, ಇಲ್ಲಾಂದ್ರೆ ಎಕ್ಸೋಸೋಮ್ ಚೀಲದೊಳಗೆ ಇರತ್ವೆ. ಇಡೀ ಲಿಕ್ವಿಡ್ ಬಯಾಪ್ಸಿ (ಗೆಡ್ಡೆ ಕತ್ತರಿಸದೇ ರಕ್ತದಲ್ಲೇ ಕ್ಯಾನ್ಸರ್ ಸುಳಿವು ಹುಡುಕೋದು) ಆಸೆ ನಿಂತಿರೋದು ಈ ಒಂದು ಗುಣದ ಮೇಲೆ.

ಹಂತ 1: ಪ್ರಶ್ನೆ ಒಂದೇ ಇರ್ಲಿ

"ಶ್ವಾಸಕೋಶದ ಕ್ಯಾನ್ಸರಲ್ಲಿ ಮೈಕ್ರೋಆರ್‌ಎನ್‌ಎ ಪಾತ್ರ" ಅನ್ನೋದು ಪ್ರಶ್ನೆ ಅಲ್ಲ, ಅದು ಬರೀ ಟೈಟಲ್. ನಿಮ್ಮ ಟೆಸ್ಟ್ ರಿಸಲ್ಟ್ ಕೈಗೆ ಬಂದಾಗ ಡಾಕ್ಟರ್ ಏನು ಬೇರೆ ಮಾಡ್ತಾರೆ, ಅದನ್ನ ಒಂದು ವಾಕ್ಯದಲ್ಲಿ ಬರೀರಿ. ಸಿಗರೇಟ್ ಸೇದೋವ್ರಲ್ಲಿ ಯಾರಿಗೆ ಸ್ಕ್ಯಾನ್ ಬೇಕು ಅಂತ ಆರಿಸೋದು ಒಂದು ಪ್ರಶ್ನೆ. ಸ್ಕ್ಯಾನಲ್ಲಿ ಗಂಟು ಕಂಡಿದೆ, ಅದು ಕ್ಯಾನ್ಸರಾ ಅಲ್ವಾ ಅನ್ನೋದು ಇನ್ನೊಂದು. ಗೆಡ್ಡೆ ಯಾವ ಬಗೆ, ಸ್ಕ್ವಾಮಸ್ಸಾ ಅಡಿನೋನಾ (ಅಡಿನೋಕಾರ್ಸಿನೋಮಾ) ಅನ್ನೋದು ಮೂರನೇದು, ಇದಕ್ಕೆ ಮಿರ್-205 ಚೆನ್ನಾಗಿ ಕೆಲಸ ಮಾಡತ್ತೆ ಅಂತ 2009ರಲ್ಲೇ ತೋರಿಸಿದ್ದಾರೆ, ಸ್ಕ್ವಾಮಸಲ್ಲಿ ಅದು ಜಾಸ್ತಿ ಇರತ್ತೆ. ಆಪರೇಷನ್ ಆದವರಲ್ಲಿ ಯಾರಿಗೆ ಕಾಯಿಲೆ ವಾಪಸ್ ಬರಬಹುದು ಅನ್ನೋದು ನಾಲ್ಕನೇದು.

ಪ್ರೊಗ್ನಾಸ್ಟಿಕ್ ಮತ್ತೆ ಪ್ರೆಡಿಕ್ಟಿವ್ ಅನ್ನೋದನ್ನ ತುಂಬ ಜನ ಕಲಸ್ತಾರೆ. ಟ್ರೀಟ್ಮೆಂಟ್ ಯಾವುದೇ ಇರ್ಲಿ ಪೇಷೆಂಟ್ ಮುಂದೆ ಹೇಗಿರ್ತಾರೆ ಅಂತ ಹೇಳೋದು ಪ್ರೊಗ್ನಾಸ್ಟಿಕ್, ಈ ಔಷಧಿ ಇವರಿಗೆ ಹಿಡಿಯತ್ತಾ ಅಂತ ಹೇಳೋದು ಪ್ರೆಡಿಕ್ಟಿವ್, ಎರಡನೇದಕ್ಕೆ ಔಷಧಿ ಕೊಟ್ಟವರು ಕೊಡದವರು ಇಬ್ಬರೂ ಡೇಟಾದಲ್ಲಿ ಇರ್ಲೇಬೇಕು.

ಹಂತ 2: ಯಾರನ್ನ ಸೇರಿಸ್ಕೋಬೇಕು

ಪೇಷೆಂಟ್‌ಗಳು ಅರವತ್ತು ದಾಟಿದವರು, ನಲವತ್ತು ವರ್ಷ ಸಿಗರೇಟ್ ಸೇದಿದವರು, ಅರ್ಧ ಜನಕ್ಕೆ ಸಿಒಪಿಡಿ, ಅಂದ್ರೆ ಉಸಿರುನಾಳ ಕಿರಿದಾಗೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಕಂಟ್ರೋಲ್ ಅಂತ ತಗೊಂಡಿದ್ದು ಕಾಲೇಜಿನ ಹುಡುಗ್ರು. ಇಂಥ ಸ್ಟಡೀಲಿ ಏನೇ ಅಳೆದ್ರೂ ವ್ಯತ್ಯಾಸ ಬಂದೇ ಬರತ್ತೆ, ಅದು ವಯಸ್ಸಿಂದಾ ಹೊಗೆಯಿಂದಾ ಉರಿಯೂತದಿಂದಾ ಕ್ಯಾನ್ಸರಿಂದಾ ಅಂತ ಆಮೇಲೆ ಯಾವ ಸ್ಟಾಟಿಸ್ಟಿಕ್ಸೂ ಬಿಡಿಸಿ ಹೇಳಕ್ಕಾಗಲ್ಲ. ಕಂಟ್ರೋಲ್‌ಗಳು ಅದೇ ಕ್ಲಿನಿಕ್‌ಗೆ ಬಂದವರೇ ಆಗಿರ್ಲಿ, ಅದೇ ವಯಸ್ಸು, ಅದೇ ಹೊಗೆ ಇತಿಹಾಸ, ಸಾಧ್ಯ ಆದ್ರೆ ಸ್ಕ್ಯಾನಲ್ಲಿ ಗಂಟು ಕಂಡು ಆಮೇಲೆ ಕ್ಯಾನ್ಸರ್ ಅಲ್ಲ ಅಂತ ಆದವರು. ಸಿಒಪಿಡಿ, ಟಿಬಿ, ನ್ಯುಮೋನಿಯಾ ಇರೋರ ಒಂದು ಗುಂಪೂ ಬೇಕು. ಮಿರ್-21 ಉರಿಯೂತದಲ್ಲೂ ಏರತ್ತೆ, ಸ್ತನ, ಕರುಳಿನ ಕ್ಯಾನ್ಸರಲ್ಲೂ ಏರತ್ತೆ, ಅದೊಂದನ್ನೇ ನೋಡಿ ಶ್ವಾಸಕೋಶ ಅಂತ ಹೇಳೋಕಾಗಲ್ಲ.

ನನಗೆ ಸರಿ ಅನ್ಸೋ ದಾರಿ ಇದು: ಕಾಯಿಲೆ ಗೊತ್ತಾಗೋ ಮುಂಚೆಯೇ ಎಲ್ಲರ ರಕ್ತಾನೂ ಒಂದೇ ರೀತಿ ತೆಗೆದಿಟ್ಟು, ಡಯಾಗ್ನೋಸಿಸ್ ಬಂದ್ಮೇಲೆ ಯಾರು ಕೇಸ್ ಯಾರು ಕಂಟ್ರೋಲ್ ಅಂತ ಆರಿಸೋದು, ಲ್ಯಾಬಲ್ಲಿ ಕೆಲಸ ಮಾಡೋರಿಗೆ ಕೋಡ್ ನಂಬರ್ ಬಿಟ್ಟು ಬೇರೇನೂ ಗೊತ್ತಿರಬಾರದು. ಟೈಮ್ ಹಿಡಿಯತ್ತೆ ನಿಜ, ಆದ್ರೆ ನನ್ನ ಮೊದಲ ಬ್ಯಾಚಿನ ಥರದ ಅನಾಹುತಗಳು ಇಲ್ಲಿಗೇ ತಪ್ಪತ್ವೆ. ಎಥಿಕ್ಸ್ ಕಮಿಟಿ ಅನುಮತಿ, ಪೇಷೆಂಟ್ ಒಪ್ಪಿಗೆ ಪತ್ರ ಇವೆಲ್ಲ ಮೊದಲ ಸೂಜಿ ಚುಚ್ಚೋ ಮುಂಚೆ ಆಗಿರ್ಬೇಕು.

ಹಂತ 3: ರಕ್ತ

ಇಲ್ಲಿ ನಿಧಾನವಾಗಿ ಓದಿ, ಕೆಲಸ ಕೆಡೋದು ಹೆಚ್ಚಾಗಿ ಇಲ್ಲೇ.

ಟ್ಯೂಬ್ ಇಡಿಟಿಎದು ತಗೊಳ್ಳಿ, ನೇರಳೆ ಮುಚ್ಚಳದ್ದು. ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಆರ್‌ಎನ್‌ಎ ಜೊತೆಗೇ ಬಂದು ಪಿಸಿಆರ್ (ತುಣುಕನ್ನ ಸೈಕಲ್ ಸೈಕಲ್‌ಗೂ ದುಪ್ಪಟ್ಟು ಮಾಡಿ ಅಳೆಯೋ ವಿಧಾನ) ಕಿಣ್ವಾನ ತಡೆಯತ್ತೆ. ಆಸ್ಪತ್ರೇಲಿರೋ ಪೇಷೆಂಟ್‌ಗೆ ಲೈನ್ ಹಾಕಿ ಅದನ್ನ ಹೆಪಾರಿನಿಂದ ತೊಳೆದಿದ್ರೆ ಆ ಲೈನಿಂದ ರಕ್ತ ತೆಗೀಬೇಡಿ, ಬೇರೆ ಕೈಯಿಂದ ತೆಗೀರಿ. ಸೀರಮ್ಮಾ ಪ್ಲಾಸ್ಮಾನಾ ಅಂತ ಕೇಳಿದ್ರೆ ನಾನು ಪ್ಲಾಸ್ಮಾ ಅಂತೀನಿ, ಯಾಕಂದ್ರೆ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮಲ್ಲಿರೋ ಮೈಕ್ರೋಆರ್‌ಎನ್‌ಎನೆಲ್ಲ ಸೀರಮ್‌ಗೆ ಸುರೀತವೆ. ಯಾವುದನ್ನೇ ಆರಿಸಿ, ಮಧ್ಯದಲ್ಲಿ ಬದಲಾಯಿಸ್ಬೇಡಿ.

ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲದಕ್ಕೂ ಮುಂಚೆ ತೆಗೀರಿ, ಅನಸ್ತೇಶಿಯಾ ಕೊಟ್ಟ ಮೇಲಂತೂ ಬೇಡ. ತೆಗೆದ ರಕ್ತಾನ 2 ಗಂಟೆ ಒಳಗೆ ಸ್ಪಿನ್ ಮಾಡಿ. ಸ್ಪಿನ್ ಎರಡು ಸಲ: ಮೊದಲು ಸುಮಾರು 2,000 ಜಿ ಬಲದಲ್ಲಿ (ಜಿ ಅಂದ್ರೆ ಗುರುತ್ವದ ಎಷ್ಟು ಪಟ್ಟು ಅಂತ) 10 ನಿಮಿಷ, ಮೇಲಿನ ಪ್ಲಾಸ್ಮಾನ ಬೇರೆ ಟ್ಯೂಬ್‌ಗೆ ತಗೊಳ್ಳಿ, ತಗೊಳ್ವಾಗ ಕೆಳಗಿನ ಬಿಳಿ ಪದರದ ಹತ್ರ ಪಿಪೆಟ್ ಇಳಿಸ್ಲೇಬೇಡಿ, ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಹೋದ್ರೆ ಹೋಗ್ಲಿ. ಆ ಬಿಳಿ ಪದರದಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲ ಇರತ್ತೆ, ಒಂದು ಹನಿ ಬಂದ್ರೂ ರಿಸಲ್ಟ್ ಬದಲಾಗತ್ತೆ. ಎರಡನೇ ಸ್ಪಿನ್ 10,000 ಜಿ ಇಂದ 16,000 ಜಿ ನಡುವೆ, 10 ನಿಮಿಷ, ಉಳಿದ ಪ್ಲೇಟ್‌ಲೆಟ್ ಕೆಳಗೆ ಕೂರತ್ತೆ. ಆಮೇಲೆ ಚಿಕ್ಕ ಚಿಕ್ಕ ಟ್ಯೂಬ್‌ಗೆ ಹಂಚಿ ಮೈನಸ್ 80 ಡಿಗ್ರಿಗೆ ಹಾಕಿ, ಒಂದು ಸಲ ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡಬೇಡಿ. ಎಷ್ಟು ಹೊತ್ತಿಗೆ ತೆಗೆದ್ರಿ, ಎಷ್ಟು ಹೊತ್ತಿಗೆ ಸ್ಪಿನ್ ಆಯ್ತು, ಯಾರು ಮಾಡಿದ್ರು ಅಂತ ಪ್ರತಿ ಟ್ಯೂಬ್‌ಗೂ ಬರೆದಿಡಿ, ನನ್ನ ಗುಲಾಬಿ ಪ್ಲಾಸ್ಮಾ ರಹಸ್ಯ ಬಿಡಿಸಿದ್ದು ವಾರ್ಡಿನ ಒಬ್ಬ ಸಿಸ್ಟರ್ ರಿಜಿಸ್ಟರಲ್ಲಿ ಬರೆದಿದ್ದ ಟೈಮೇ.

ಈಗ ಹೀಮೋಲಿಸಿಸ್, ಅಂದ್ರೆ ಕೆಂಪು ರಕ್ತಕಣ ಒಡೆಯೋದು. ಕಣ್ಣಿಗೆ ಗುಲಾಬಿ ಕಾಣೋ ಹೊತ್ತಿಗೆ ಆಗಲೇ ತಡ ಆಗಿರತ್ತೆ, ಕಣ್ಣಿಗೆ ಕಾಣದ ಮಟ್ಟದಲ್ಲೂ ರಿಸಲ್ಟ್ ಕೆಡತ್ತೆ. ಸ್ಪೆಕ್ಟ್ರೋಫೋಟೋಮೀಟರಲ್ಲಿ 414 ನ್ಯಾನೋಮೀಟರ್ ಹತ್ರ ಹೀಮೋಗ್ಲೋಬಿನ್ ಶಿಖರ ನೋಡಿ, 0.2 ದಾಟಿದ್ರೆ ಆ ಸ್ಯಾಂಪಲ್ ಮೇಲೆ ಅನುಮಾನ ಇರ್ಲಿ. ಎರಡನೇ ಪರೀಕ್ಷೆ ಪಿಸಿಆರಲ್ಲೇ: ಮಿರ್-451ಎ ಕೆಂಪು ರಕ್ತಕಣದಲ್ಲಿ ತುಂಬ್ಕೊಂಡಿರತ್ತೆ, ಮಿರ್-23ಎ ಅಷ್ಟಾಗಿ ಬದಲಾಗಲ್ಲ, ಮಿರ್-23ಎ ಸಿಟಿಯಿಂದ ಮಿರ್-451ಎ ಸಿಟಿ ಕಳೀರಿ (ಇಲ್ಲಿ ಸಿಟಿ ಅಂದ್ರೆ ಸ್ಕ್ಯಾನ್ ಅಲ್ಲ, ಸಿಗ್ನಲ್ ಕಾಣೋಕೆ ಪಿಸಿಆರಲ್ಲಿ ಎಷ್ಟು ಸೈಕಲ್ ಬೇಕಾಯ್ತು ಅನ್ನೋ ಸಂಖ್ಯೆ). 5 ಒಳಗಿದ್ರೆ ಸರಿ, 7 ದಾಟಿದ್ರೆ ಆ ಸ್ಯಾಂಪಲ್ ಬಿಡಿ. ಬಿಡೋಕೆ ಹೊಟ್ಟೆ ಉರಿಯತ್ತೆ, ಆ ಪೇಷೆಂಟ್ ಒಪ್ಪಿಗೆ ಕೊಟ್ಟು ಕೈ ಚಾಚಿದ್ದು ನೆನಪಾಗತ್ತೆ, ಆದ್ರೂ ಬಿಡ್ಬೇಕು, ಅವರು ಕೊಟ್ಟ ರಕ್ತದಿಂದ ಸುಳ್ಳು ಫಲಿತಾಂಶ ಬರೋದು ಇನ್ನೂ ಕೆಟ್ಟದ್ದು.

ಮಿರ್-486, ಮಿರ್-16, ಮಿರ್-92ಎ ಇವೂ ಕೆಂಪು ರಕ್ತಕಣದಲ್ಲಿ ಧಾರಾಳ. ಕ್ಯಾನ್ಸರ್ ಬಯೋಮಾರ್ಕರ್ ಅಂತ ವರದಿ ಆಗಿದ್ದ ರಕ್ತದ ಮೈಕ್ರೋಆರ್‌ಎನ್‌ಎಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರಕ್ತಕಣಗಳಲ್ಲೇ ಹೇರಳವಾಗಿ ಇರೋವು ಅಂತ 2012ರಲ್ಲೇ ಒಂದು ತಂಡ ಲೆಕ್ಕ ಹಾಕಿ ತೋರಿಸಿತ್ತು. ಪೇಪರ್ ಓದುವಾಗ ಈ ಹೆಸರು ಕಂಡ್ರೆ ಹೀಮೋಲಿಸಿಸ್ ನೋಡಿದ್ದಾರಾ ಅಂತ ಮೆಥಡ್ಸ್‌ ಭಾಗಕ್ಕೆ ಹೋಗಿ ಹುಡುಕಿ.

ಟಿಶ್ಯೂ ಮೇಲೆ ಮಾಡೋದಾದ್ರೆ ಇಷ್ಟು ಪಾಡಿಲ್ಲ, ಪ್ಯಾರಾಫಿನ್ ಬ್ಲಾಕಲ್ಲಿ ಉದ್ದ ಆರ್‌ಎನ್‌ಎ ಚೂರಾಗಿದ್ರೂ ಇವು ಮೊದಲೇ ಚಿಕ್ಕವಾದ್ದರಿಂದ ಚೆನ್ನಾಗೇ ಉಳಿದಿರತ್ವೆ. ಗೆಡ್ಡೆ ಭಾಗ ಎಷ್ಟಿದೆ ಅಂತ ಪೆಥಾಲಜಿಸ್ಟ್ ಹತ್ರ ಗುರುತು ಹಾಕಿಸ್ಕೊಂಡು ಅಷ್ಟನ್ನೇ ಕೆರೆದು ತಗೊಳ್ಳಿ.

ಹಂತ 4: ಆರ್‌ಎನ್‌ಎ ತೆಗೆಯೋದು

ಎಲ್ಲ ಸ್ಯಾಂಪಲ್‌ಗೂ ಒಂದೇ ಅಳತೆ ಪ್ಲಾಸ್ಮಾ, ಸಾಮಾನ್ಯವಾಗಿ 200 ಮೈಕ್ರೋಲೀಟರ್. ಲೈಸಿಸ್ ಬಫರ್ ಹಾಕಿ ಚೆನ್ನಾಗಿ ಬೆರೆಸಿ, ಆಮೇಲೆ ಸ್ಪೈಕ್-ಇನ್ ಹಾಕಿ. ಸ್ಪೈಕ್-ಇನ್ ಅಂದ್ರೆ ಮನುಷ್ಯರಲ್ಲಿ ಇಲ್ಲದ, ಆ ಹುಳದ ಸೆಲ್-ಮಿರ್-39 ಥರದ ಕೃತಕ ಆರ್‌ಎನ್‌ಎ, ಗೊತ್ತಿರೋ ಪ್ರಮಾಣದಲ್ಲಿ. ಬಫರ್‌ಗಿಂತ ಮುಂಚೆ ಹಾಕಿದ್ರೆ ಪ್ಲಾಸ್ಮಾದ ಕಿಣ್ವ ಕ್ಷಣದಲ್ಲಿ ಅದನ್ನ ತಿಂದುಬಿಡತ್ತೆ, ಅದಕ್ಕೆ ರಕ್ಷಣೆ ಇಲ್ವಲ್ಲ. ಕೊನೇಲಿ ಇದರ ಸಿಟಿ ಎಲ್ಲ ಸ್ಯಾಂಪಲಲ್ಲೂ ಹತ್ತಿರ ಹತ್ತಿರ ಬಂದ್ರೆ ತೆಗೆಯೋ ಕೆಲಸ ಸಮವಾಗಿ ಆಗಿದೆ ಅಂತ ಅರ್ಥ, ಒಂದರಲ್ಲಿ ಮಾತ್ರ 3 ಸೈಕಲ್ ಹಿಂದೆ ಬಿದ್ರೆ ಆ ಟ್ಯೂಬನ್ನ ಮತ್ತೆ ಮಾಡಿ.

ನ್ಯಾನೋಡ್ರಾಪಲ್ಲಿ ಪ್ಲಾಸ್ಮಾ ಆರ್‌ಎನ್‌ಎ ಅಳೆಯೋಕೆ ಹೋಗ್ಬೇಡಿ, ಇರೋದೇ ಅಷ್ಟು ಕಮ್ಮಿ, ಅದು ತೋರಿಸೋ ನಂಬರಿಗೆ ಅರ್ಥ ಇಲ್ಲ.

ಹಂತ 5: ಪಿಸಿಆರ್ ಮತ್ತೆ ಲೆಕ್ಕ

ಯಾವ ಮೈಕ್ರೋಆರ್‌ಎನ್‌ಎ ನೋಡ್ಬೇಕು ಅಂತ ಆರಿಸೋಕೆ ಟಿಸಿಜಿಎ ಅನ್ನೋ ಕ್ಯಾನ್ಸರ್ ಜೀನೋಮ್ ಸಂಗ್ರಹದ ಡೇಟಾ ಫ್ರೀ ಆಗಿ ಸಿಗತ್ತೆ, ಅಡಿನೋ ಮತ್ತೆ ಸ್ಕ್ವಾಮಸ್ ಎರಡರದ್ದೂ, ಆದ್ರೆ ಅದು ಗೆಡ್ಡೆ ಡೇಟಾ, ಗೆಡ್ಡೇಲಿ ಏರಿದ್ದು ರಕ್ತದಲ್ಲೂ ಏರ್ಬೇಕು ಅಂತ ಇಲ್ಲ. ಹೆಸರು ಬರೆಯುವಾಗ 5ಪಿ, 3ಪಿ ಬಿಡ್ಬೇಡಿ, ಒಂದೇ ಕುಣಿಕೆಯ ಎರಡು ಕೈ ಅವು, ಬೇರೆ ಬೇರೆ ಅಣು, ಪ್ರೈಮರ್ ತರಿಸೋ ಮುಂಚೆ ಮಿರ್‌ಬೇಸ್ ಅನ್ನೋ ಮೈಕ್ರೋಆರ್‌ಎನ್‌ಎ ಡೇಟಾಬೇಸ್‌ನಲ್ಲಿ ಸೀಕ್ವೆನ್ಸ್ ಒಮ್ಮೆ ನೋಡ್ಕೊಳ್ಳಿ.

22 ನ್ಯೂಕ್ಲಿಯೋಟೈಡ್‌ಗೆ ಮಾಮೂಲಿ ಪ್ರೈಮರ್ ಕೂರಲ್ಲ, ಅದಕ್ಕೇ ಸ್ಟೆಮ್-ಲೂಪ್ ಪ್ರೈಮರ್ ಅಥವಾ ಪಾಲಿ-ಎ ಬಾಲ ಹಚ್ಚೋ ವಿಧಾನ. ಲೆಟ್-7 ಕುಟುಂಬದವ್ರು ಒಬ್ಬರಿಂದ ಒಬ್ಬರು ಒಂದೆರಡು ಅಕ್ಷರ ಮಾತ್ರ ಬೇರೆ, ನಿಮ್ಮ ಪ್ರೈಮರ್ ಅವನ್ನ ಬಿಡಿಸಿ ಗುರುತಿಸತ್ತಾ ಅಂತ ಸಿಂಥೆಟಿಕ್ ಆರ್‌ಎನ್‌ಎ ಹಾಕಿ ನೋಡಿ. ಪ್ರತಿ ಸ್ಯಾಂಪಲ್ ಪ್ಲೇಟಿನ ಮೂರು ಗುಳಿಯಲ್ಲಿ (ವೆಲ್), ಟೆಂಪ್ಲೇಟ್ ಇಲ್ಲದ ಕಂಟ್ರೋಲ್ ಪ್ರತಿ ಪ್ಲೇಟಲ್ಲಿ, ಎಫಿಷಿಯನ್ಸಿ 90 ಇಂದ 110 ಪರ್ಸೆಂಟ್ ಒಳಗೆ. ಪೇಷೆಂಟ್‌ಗಳೆಲ್ಲ ಸೋಮವಾರದ ಪ್ಲೇಟಲ್ಲಿ, ಕಂಟ್ರೋಲ್‌ಗಳೆಲ್ಲ ಮಂಗಳವಾರದ ಪ್ಲೇಟಲ್ಲಿ ಅಂತ ಮಾತ್ರ ಮಾಡ್ಬೇಡಿ, ಪ್ರತಿ ಪ್ಲೇಟಲ್ಲೂ ಎರಡೂ ಕಲೆತಿರ್ಲಿ.

ನಾರ್ಮಲೈಸ್ ಮಾಡೋದೇ, ಅಂದ್ರೆ ಬದಲಾಗದ ಒಂದು ರೆಫರೆನ್ಸ್ ಜೊತೆ ಹೋಲಿಸಿ ಸರಿದೂಗಿಸೋದೇ, ದೊಡ್ಡ ತಲೆನೋವು. ಟಿಶ್ಯೂನಲ್ಲಿ ಯು6 ಅನ್ನೋ ಇನ್ನೊಂದು ಚಿಕ್ಕ ಆರ್‌ಎನ್‌ಎ ಬಳಸ್ತಾರೆ ಅಂತ ಪ್ಲಾಸ್ಮಾಗೂ ಅದನ್ನೇ ತರಬೇಡಿ, ಅದು ಮೈಕ್ರೋಆರ್‌ಎನ್‌ಎ ಅಲ್ಲ, ರಕ್ತದಲ್ಲಿ ಸ್ಥಿರವಾಗಿ ಇರೋದೂ ಇಲ್ಲ. ಮಿರ್-16 ಹೀಮೋಲಿಸಿಸ್‌ಗೆ ಕುಣಿಯತ್ತೆ. ತುಂಬ ಮೈಕ್ರೋಆರ್‌ಎನ್‌ಎ ಅಳೆದಿದ್ರೆ ಎಲ್ಲದರ ಸರಾಸರಿ ತಗೊಳ್ಳಿ, ಕಮ್ಮಿ ಅಳೆಯೋದಾದ್ರೆ ನಿಮ್ಮದೇ ಸ್ಯಾಂಪಲ್‌ಗಳಲ್ಲಿ ನಾರ್ಮ್‌ಫೈಂಡರ್ ಅಥವಾ ಜೀನಾರ್ಮ್ ಓಡಿಸಿ ಅಲ್ಲಾಡದ ಎರಡು ಮೂರನ್ನ ಆರಿಸಿ. ನನಗೆ ತುಂಬ ಇಷ್ಟ ಆಗೋದು ಜೋಡಿ ವಿಧಾನ, ಏರೋ ಒಂದರ ಸಿಟಿಯಿಂದ ಇಳಿಯೋ ಒಂದರ ಸಿಟಿ ಕಳೆಯೋದು, ಆಗ ಮೂರನೇ ರೆಫರೆನ್ಸೇ ಬೇಡ.

ಲೆಕ್ಕ ಹೀಗೆ. ಪೇಷೆಂಟಲ್ಲಿ ಮಿರ್-21 ಸಿಟಿ 26, ರೆಫರೆನ್ಸ್ ಸಿಟಿ 24, ಡೆಲ್ಟಾ ಸಿಟಿ 2. ಕಂಟ್ರೋಲ್‌ಗಳ ಸರಾಸರಿ ಡೆಲ್ಟಾ ಸಿಟಿ 4 ಅಂತಿಟ್ಕೊಳ್ಳಿ. 2ರಿಂದ 4 ಕಳೆದ್ರೆ ಮೈನಸ್ 2. ಸಿಟಿ ಒಂದು ಇಳಿದ್ರೆ ಪ್ರಮಾಣ ದುಪ್ಪಟ್ಟು, ಎರಡು ಇಳಿದಿದೆ, ಹಾಗಾಗಿ 4 ಪಟ್ಟು ಜಾಸ್ತಿ. ಸ್ಟಾಟಿಸ್ಟಿಕ್ಸ್ ಮಾಡುವಾಗ ಡೆಲ್ಟಾ ಸಿಟಿ ಮೇಲೇ ಮಾಡಿ, ಪಟ್ಟು ಅನ್ನೋದು ಬರೀ ಚಿತ್ರಕ್ಕೆ. 35 ದಾಟಿದ ಸಿಟಿನ ನಂಬೋದು ಕಷ್ಟ, ಏನು ಮಾಡ್ತೀರಿ ಅಂತ ಮೊದಲೇ ನಿಯಮ ಬರೆದಿಡಿ.

ಹಂತ 6: ಡಯಾಗ್ನೋಸಿಸ್‌ಗೆ ಕೆಲಸ ಮಾಡತ್ತಾ

750 ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿ ಪಿ ವ್ಯಾಲ್ಯೂ 0.05 ಅಂತ ಗೆರೆ ಹಾಕಿದ್ರೆ, ಒಂದೂ ನಿಜವಾದ ವ್ಯತ್ಯಾಸ ಇಲ್ಲದೇ ಇದ್ರೂ ಸುಮಾರು 37 "ಪಾಸ್" ಆಗತ್ವೆ. ಅದಕ್ಕೆ ಬೆಂಜಮಿನಿ-ಹಾಕ್‌ಬರ್ಗ್ ತಿದ್ದುಪಡಿ ಬೇಕು, ಇಂಥ ಸುಳ್ಳು ಪಾಸ್‌ಗಳನ್ನ ಹತೋಟೀಲಿಡೋ ಲೆಕ್ಕ ಅದು. ಪ್ಯಾನೆಲ್ ಕಟ್ಟೋಕೆ ಲ್ಯಾಸೋ (ಉಪಯೋಗಕ್ಕೆ ಬರೋ ಕೆಲವನ್ನ ಮಾತ್ರ ಉಳಿಸೋ ವಿಧಾನ) ಬಳಸಿ, ಆದ್ರೆ ಆರಿಸೋ ಕೆಲಸಾನೂ ಕ್ರಾಸ್ ವ್ಯಾಲಿಡೇಷನ್ (ಡೇಟಾದ ಒಂದು ಪಾಲಲ್ಲಿ ಕಲಿಸಿ ಉಳಿದ ಪಾಲಲ್ಲಿ ಪರೀಕ್ಷಿಸೋದು) ಒಳಗೇ ಆಗ್ಬೇಕು. ಎಲ್ಲ ಡೇಟಾ ನೋಡಿ ಮೊದಲೇ ಹತ್ತು ಆರಿಸ್ಕೊಂಡು ಆಮೇಲೆ ಕ್ರಾಸ್ ವ್ಯಾಲಿಡೇಷನ್ ಮಾಡಿದ್ರೆ ಎಯುಸಿ (ಎರಡು ಗುಂಪನ್ನ ಎಷ್ಟು ಚೆನ್ನಾಗಿ ಬೇರೆ ಮಾಡತ್ತೆ ಅನ್ನೋ ಅಳತೆ, 1 ಅಂದ್ರೆ ಪೂರ್ತಿ ಸರಿ) 0.95 ಬರತ್ತೆ, ಬೇರೆ ಆಸ್ಪತ್ರೆಯ ಸ್ಯಾಂಪಲ್‌ಗೆ ಹಾಕಿದ ದಿನ ಕುಸಿಯತ್ತೆ. ಕಟಾಫನ್ನ ಲಾಕ್ ಮಾಡಿ ಬೇರೆ ಕಡೆಯ ಸ್ಯಾಂಪಲ್ ಮೇಲೆ ಒಂದೇ ಸಲ ಓಡಿಸೋದು ನಿಜವಾದ ಪರೀಕ್ಷೆ.

ಒಳ್ಳೆ ಮಾದರಿ ಬೇಕಂದ್ರೆ ಇಟಲಿಯ ಮೈಲ್ಡ್ ಸ್ಕ್ರೀನಿಂಗ್ ಟ್ರಯಲ್ ನೋಡಿ. 24 ಮೈಕ್ರೋಆರ್‌ಎನ್‌ಎ ಪ್ಲಾಸ್ಮಾ ಟೆಸ್ಟನ್ನ 939 ಜನರ ರಕ್ತದಲ್ಲಿ ನೋಡಿದ್ರು, 2014ರಲ್ಲಿ ಪ್ರಕಟ ಆಯ್ತು, ಸೆನ್ಸಿಟಿವಿಟಿ (ಕ್ಯಾನ್ಸರ್ ಇರೋರನ್ನ ಹಿಡಿಯೋ ಪ್ರಮಾಣ) 87 ಪರ್ಸೆಂಟ್, ಸ್ಪೆಸಿಫಿಸಿಟಿ (ಇಲ್ಲದವರನ್ನ ಇಲ್ಲ ಅನ್ನೋ ಪ್ರಮಾಣ) 81. ಇದನ್ನ ಒಂದು ಉದಾಹರಣೆಗೆ ಇಳಿಸೋಣ. ನೂರಕ್ಕೆ ಒಬ್ಬರಿಗೆ ಕ್ಯಾನ್ಸರ್ ಇರೋ 10,000 ಜನರ ಗುಂಪು ತಗೊಳ್ಳಿ. 100 ಜನ ಪೇಷೆಂಟ್‌ಗಳಲ್ಲಿ 87 ಸಿಕ್ಕಿದ್ರು. ಉಳಿದ 9,900 ಜನರಲ್ಲಿ 19 ಪರ್ಸೆಂಟ್, ಅಂದ್ರೆ 1,881 ಜನಕ್ಕೆ ಸುಮ್ಮನೆ ಪಾಸಿಟಿವ್. ಪಾಸಿಟಿವ್ ಬಂದ ನೂರು ಜನರಲ್ಲಿ ನಿಜವಾಗಿ ಕ್ಯಾನ್ಸರ್ ಇರೋದು ನಾಲ್ಕೈದು ಜನಕ್ಕೆ ಮಾತ್ರ. ಆ 1,881 ಮನೆಗಳಲ್ಲಿ ಮುಂದಿನ ಸ್ಕ್ಯಾನ್ ತನಕ ಯಾರಿಗೂ ನಿದ್ದೆ ಬರಲ್ಲ.

ಆದ್ರೆ ಅದೇ ಟೆಸ್ಟನ್ನ ಲೋ ಡೋಸ್ ಸಿಟಿ ಸ್ಕ್ಯಾನ್ ಜೊತೆ ಸೇರಿಸಿದಾಗ ಸ್ಕ್ಯಾನಿನ ಫಾಲ್ಸ್ ಪಾಸಿಟಿವ್ 19.4 ಪರ್ಸೆಂಟಿಂದ 3.7ಕ್ಕೆ ಇಳೀತು. ಅಮೆರಿಕದ ದೊಡ್ಡ ಸ್ಕ್ರೀನಿಂಗ್ ಟ್ರಯಲಲ್ಲಿ, ಅದರ ಫಲಿತಾಂಶ 2011ರಲ್ಲಿ ಬಂತು, ಸ್ಕ್ಯಾನಿಂದ ಶ್ವಾಸಕೋಶ ಕ್ಯಾನ್ಸರ್ ಸಾವು 20 ಪರ್ಸೆಂಟ್ ಕಮ್ಮಿ ಆಯ್ತು, ಆದ್ರೆ ಪಾಸಿಟಿವ್ ಬಂದ ಸ್ಕ್ಯಾನ್‌ಗಳಲ್ಲಿ 96 ಪರ್ಸೆಂಟ್‌ಗೂ ಜಾಸ್ತಿ ಕ್ಯಾನ್ಸರ್ ಅಲ್ಲದ್ದು. ನನ್ನ ಲೆಕ್ಕದಲ್ಲಿ ಮೈಕ್ರೋಆರ್‌ಎನ್‌ಎಗೆ ಜಾಗ ಇರೋದು ಇಲ್ಲೇ, ಸ್ಕ್ಯಾನ್ ಪಕ್ಕದಲ್ಲಿ ನಿಂತು ಯಾರಿಗೆ ಬಯಾಪ್ಸಿ ಸೂಜಿ ಹಾಕ್ಬೇಕು ಯಾರಿಗೆ ಬೇಡ ಅಂತ ಹೇಳೋದ್ರಲ್ಲಿ.

ಹಂತ 7: ಪ್ರೊಗ್ನೋಸಿಸ್

ಇದಕ್ಕೆ ಫಾಲೋಅಪ್ ಬೇಕು, ಆರು ತಿಂಗಳ ಡೇಟಾದಲ್ಲಿ ಏನೂ ಹೇಳಕ್ಕಾಗಲ್ಲ. ಶುರುವಿನ ದಿನ ಯಾವುದು, ಆಪರೇಷನ್ನಾ ಡಯಾಗ್ನೋಸಿಸ್ಸಾ, ಎಣಿಸೋದು ಸಾವಾ ಕಾಯಿಲೆ ಮರುಕಳಿಸೋದಾ ಅಂತ ಮೊದಲೇ ಬರೆದಿಡಿ. ಸಂಪರ್ಕ ತಪ್ಪಿದವರನ್ನ ಲಿಸ್ಟಿಂದ ತೆಗೀಬೇಡಿ, ಕೊನೇ ಸಲ ಕಂಡ ದಿನಕ್ಕೆ ಸೆನ್ಸರ್ ಮಾಡಿ, ಅಂದ್ರೆ ಅವರನ್ನ ಆ ದಿನದ ತನಕ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಕಾಪ್ಲಾನ್-ಮೈಯರ್ ಚಿತ್ರ (ದಿನ ಕಳೆದ ಹಾಗೆ ಎಷ್ಟು ಜನ ಬದುಕಿದ್ದಾರೆ ಅಂತ ತೋರಿಸೋ ಸರ್ವೈವಲ್ ಕರ್ವ್) ಎಲ್ಲರೂ ಹಾಕ್ತಾರೆ, ಮೋಸ ಇರೋದು ಕಟಾಫಲ್ಲಿ. ಸಾಫ್ಟ್‌ವೇರ್‌ಗೆ "ಬೆಸ್ಟ್ ಕಟಾಫ್ ಹುಡುಕು" ಅಂದ್ರೆ ಅದು ಎಲ್ಲ ಜಾಗದಲ್ಲೂ ಕತ್ತರಿಸಿ ನೋಡಿ ಎರಡು ಗೆರೆ ಅತಿ ದೂರ ಇರೋದನ್ನ ತಂದುಕೊಡತ್ತೆ, ಆ ಪಿ ವ್ಯಾಲ್ಯೂಗೆ ಬೆಲೆ ಇಲ್ಲ. ಮೀಡಿಯನ್ ಅಂತ ಮೊದಲೇ ನಿಗದಿ ಮಾಡಿ, ಅದಕ್ಕಿಂತ ಒಳ್ಳೇದು ಕತ್ತರಿಸದೇ ಸಂಖ್ಯೆ ಹಾಗೇ ಕಾಕ್ಸ್ ಮಾಡೆಲ್‌ಗೆ (ಹಲವು ಅಂಶ ಒಟ್ಟಿಗೆ ಸಾವಿನ ಅಪಾಯ ಎಷ್ಟು ಬದಲಿಸತ್ವೆ ಅಂತ ನೋಡೋ ಲೆಕ್ಕ) ಹಾಕೋದು. ಮಾಡೆಲಲ್ಲಿ ಸ್ಟೇಜ್, ವಯಸ್ಸು, ಪೇಷೆಂಟಿನ ಓಡಾಟದ ಶಕ್ತಿ, ಹಿಸ್ಟಾಲಜಿ ಎಲ್ಲ ಇರ್ಲಿ. ಒಂದು ವೇರಿಯೇಬಲ್‌ಗೆ ಕನಿಷ್ಠ 10 ಸಾವಾದ್ರೂ ಡೇಟಾದಲ್ಲಿ ಇರ್ಬೇಕು ಅಂತ ಒಂದು ಅಂದಾಜು, 30 ಜನ ತೀರಿಕೊಂಡಿದ್ರೆ ಮೂರು ವೇರಿಯೇಬಲ್, ಅಷ್ಟೇ. ಪ್ರೊಪೋರ್ಷನಲ್ ಹಜಾರ್ಡ್ ಊಹೆ (ಎರಡು ಗುಂಪಿನ ಅಪಾಯದ ಅನುಪಾತ ಕಾಲ ಕಳೆದ್ರೂ ಒಂದೇ ಇರತ್ತೆ ಅನ್ನೋದು) ನಿಲ್ಲತ್ತಾ ಅಂತ ಶೋನ್‌ಫೆಲ್ಡ್ ರೆಸಿಡ್ಯುವಲ್ ನೋಡಿ.

ಕೇಳ್ಬೇಕಾದ ಪ್ರಶ್ನೆ ಇದು: ಸ್ಟೇಜ್ ಗೊತ್ತಿರೋ ಡಾಕ್ಟರ್‌ಗೆ ಮಿರ್-155 ಹೊಸದಾಗಿ ಏನು ಹೇಳ್ತು? ಸ್ಟೇಜ್ ಹಾಕಿದ ತಕ್ಷಣ ಹಜಾರ್ಡ್ ರೇಷಿಯೋ (ಅಪಾಯ ಎಷ್ಟು ಪಟ್ಟು ಅನ್ನೋ ಸಂಖ್ಯೆ, 1 ಅಂದ್ರೆ ವ್ಯತ್ಯಾಸ ಇಲ್ಲ) 1ರ ಹತ್ರ ಬಂದುಬಿಟ್ರೆ ನಿಮ್ಮ ಮಾರ್ಕರ್ ಸ್ಟೇಜನ್ನೇ ಬೇರೆ ಭಾಷೇಲಿ ಹೇಳ್ತಿತ್ತು ಅಷ್ಟೇ. ಸ್ಟೇಜ್ 1ರ ಒಳಗೇ ಯಾರಿಗೆ ವಾಪಸ್ ಬರತ್ತೆ ಅಂತ ಬಿಡಿಸಿ ಹೇಳೋ ಮಾರ್ಕರ್ ಸಿಕ್ಕಿದ್ರೆ ಅದಕ್ಕೆ ನಿಜವಾದ ಬೆಲೆ, ಯಾಕಂದ್ರೆ ಆಪರೇಷನ್ ಆದ್ಮೇಲೆ ಕೀಮೋ ಕೊಡ್ಬೇಕಾ ಬೇಡ್ವಾ ಅನ್ನೋ ಗೊಂದಲ ಇರೋದು ಅಂಥ ಶುರುವಿನ ಸ್ಟೇಜ್‌ಗಳಲ್ಲೇ.

ಹಂತ 8: ಬರೆಯೋದು

ಪಿಸಿಆರ್ ವಿವರಕ್ಕೆ ಮಿಕ್ವೆ, ಡಯಾಗ್ನೋಸ್ಟಿಕ್ ಸ್ಟಡಿಗೆ ಸ್ಟಾರ್ಡ್, ಪ್ರೊಗ್ನಾಸ್ಟಿಕ್‌ಗೆ ರಿಮಾರ್ಕ್, ಈ ಚೆಕ್‌ಲಿಸ್ಟ್‌ಗಳನ್ನ ಬರೆಯೋಕೆ ಕೂತಾಗ ಅಲ್ಲ, ಸ್ಟಡಿ ಶುರು ಮಾಡೋ ದಿನಾನೇ ಪ್ರಿಂಟ್ ತಗೊಂಡು ಗೋಡೆಗೆ ಅಂಟಿಸಿ. ಎಷ್ಟು ಸ್ಯಾಂಪಲ್ ಹೀಮೋಲಿಸಿಸ್‌ನಿಂದ ಬಿಟ್ರಿ, ಕಚ್ಚಾ ಸಿಟಿ ಎಷ್ಟು ಬಂತು, ಯಾವ ಮೈಕ್ರೋಆರ್‌ಎನ್‌ಎ ಕೆಲಸ ಮಾಡ್ಲಿಲ್ಲ, ಎಲ್ಲಾನೂ ಹಾಕಿ. ನಾವು ಗುಲಾಬಿ ಪ್ಲಾಸ್ಮಾ ಬ್ಯಾಚನ್ನ ಹಾಗೇ ಸಪ್ಲಿಮೆಂಟಲ್ಲಿ ಹಾಕಿದ್ವಿ, 414ರ ರೀಡಿಂಗ್ ಸಮೇತ, ಪಕ್ಕದಲ್ಲೇ ಹೊಸದಾಗಿ ತೆಗೆದ ರಕ್ತದ ರಿಸಲ್ಟ್, ಅದರಲ್ಲಿ ಆ ಮೈಕ್ರೋಆರ್‌ಎನ್‌ಎ ಎರಡೂ ಗುಂಪಲ್ಲಿ ಒಂದೇ ಮಟ್ಟದಲ್ಲಿ ಇದೆ.